ಕುಲ್ಲುವಿನಲ್ಲಿ ಕಂಡ ದಾಳಿಂಬೆ

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಮನೆಯ ಮಾಲೀಕರು ತಮ್ಮ ತೋಟದ ಒಂದು ದಾಳಿಂಬೆಯನ್ನು ಕಿತ್ತು ತಂದು ನನ್ನ ಕೈಯಲ್ಲಿಟ್ಟು, ‘ನೀವು ದಾಳಿಂಬೆ ಸೀಮೆಯವರು, ಈ ಚುಕ್ಕೆಗೆ ನಿಮ್ಮ ಕಡೆ ಏನು ಮಾಡುತ್ತೀರಿ?’ ಎಂದು ಕೇಳಿದರು. ಎಣ್ಣೆ ಹನಿ ಬಿದ್ದಂತಹ ಕಪ್ಪು ಚುಕ್ಕೆ, ಅದರ ನಡುವೆ ಸಣ್ಣ ಸೀಳು. ಕುಷ್ಟಗಿ ತಾಲೂಕಿನಲ್ಲಿ ಹುಟ್ಟಿದವರಿಗೆ ಅದರ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನ್ನ ಬಳಿ ಇದ್ದದ್ದು ಒಂದೇ ಉತ್ತರ: ಗಿಡಗಳನ್ನೇ ಕಿತ್ತು ಸುಟ್ಟೆವು. ಅಷ್ಟು ಹೇಳುವಷ್ಟರಲ್ಲಿ ನನ್ನ ತಲೆ ತಗ್ಗಿತ್ತು.

ಹನ್ನೊಂದು ವರ್ಷಗಳಿಂದ ನಾನು ಹಿಮಾಚಲದ ಕುಲ್ಲು ಕಣಿವೆಯಲ್ಲಿ, ಬಜೌರಾದ ಸಮೀಪ ಇದ್ದೇನೆ. ಇದು ಸೇಬಿನ ನಾಡು. ಆದರೆ ಹಳೆಯ ಡೆಲಿಷಸ್ ತಳಿಯ ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದ ನಿದ್ದೆ ಸಾವಿರಕ್ಕೂ ಹೆಚ್ಚು ಗಂಟೆ ಬೇಕು. ಅದು ಸಿಗದಿದ್ದರೆ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ. ಒಂದು ಕೊಂಬೆ ಹೂ ಬಿಟ್ಟಾಗ ಇನ್ನೊಂದು ಮಲಗಿಯೇ ಇರುತ್ತದೆ, ಕಾಯಿ ಕಚ್ಚುವುದಿಲ್ಲ. ಹಿಮ ಬೀಳಬೇಕಾದ ದಿನಗಳಲ್ಲಿ ಮಳೆ ಬೀಳುತ್ತಿದೆ, ಹೂವಿನ ಹೊತ್ತಿಗೆ ಆಲಿಕಲ್ಲು ಬೀಳುತ್ತಿದೆ. ಕಣಿವೆಯ ತಗ್ಗಿನ ತೋಟಗಳಿಂದ ಸೇಬು ಮೆಲ್ಲಗೆ ಮೇಲೇರುತ್ತಾ, ಹಿಂದೆ ಆಲೂಗಡ್ಡೆ ಮತ್ತು ಬಟಾಣಿಗೆ ಹೆಸರಾಗಿದ್ದ ಲಾಹೌಲಿನವರೆಗೂ ಹೋಗಿದೆ.

ನಮ್ಮ ಮಾಲೀಕರ ಮನೆಯಲ್ಲಿ ಕೆಂಪು ರಟ್ಟಿನ ಒಂದು ಪುಸ್ತಕವಿದೆ. ಮೊದಲ ಹಿಮ ಯಾವ ದಿನ ಬಿತ್ತು, ಮೊಗ್ಗಿಗೆ ಗುಲಾಬಿ ಬಣ್ಣ ಯಾವ ದಿನ ಬಂತು, ಎಷ್ಟು ಪೆಟ್ಟಿಗೆ ಹಣ್ಣು ಮಾರುಕಟ್ಟೆಗೆ ಹೋಯಿತು ಎಂಬುದನ್ನು ಅವರ ತಂದೆ ಬರೆಯುತ್ತಿದ್ದರು, ಈಗ ಇವರು ಬರೆಯುತ್ತಾರೆ. ಆ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿಯೇ ಅವರು ಕೆಳಗಿನ ತೋಟದ ಅರ್ಧ ಸೇಬಿನ ಗಿಡಗಳನ್ನು, ಅವು ಇನ್ನೂ ಹಣ್ಣು ಕೊಡುತ್ತಿರುವಾಗಲೇ, ಕಡಿಸಿ ದಾಳಿಂಬೆ ಮತ್ತು ಇಲ್ಲಿಯವರು ಜಪಾನಿ ಫಲ ಎನ್ನುವ ಪರ್ಸಿಮನ್ ಹಣ್ಣಿನ ಸಸಿಗಳನ್ನು ನೆಟ್ಟರು. ಮೇಲಿನ ತೋಟದಲ್ಲಿ ಸೇಬನ್ನು ಉಳಿಸಿಕೊಂಡು ಅದರ ಮೇಲೆ ಆಲಿಕಲ್ಲಿನ ಬಲೆ ಹೊದಿಸಿದ್ದಾರೆ. ಕಡಿಮೆ ಚಳಿ ಸಾಕೆನ್ನುವ ಅನ್ನಾ ತಳಿಯ ಸೇಬನ್ನು ನೆರೆಯವರು ನೆಟ್ಟಾಗ, ಇವರು ಎರಡು ವರ್ಷ ಅವರ ಗಿಡಗಳನ್ನು ನೋಡಿದ ಮೇಲಷ್ಟೇ ನಾಲ್ಕು ಸಸಿ ತಂದರು.

ನಮ್ಮೂರಿನಲ್ಲಿ ನನ್ನ ಕಾಕಾ ನಾಲ್ಕು ಎಕರೆ ಮಸಾರಿ ಹೊಲದಲ್ಲಿ ದಾಳಿಂಬೆ ಹಾಕಿದ್ದು ಪಕ್ಕದ ಹೊಲದವರು ಹಾಕಿದರೆಂದು. ಮಳೆಗಾಲದ ಫಸಲಿನಲ್ಲಿ ಚುಕ್ಕಿರೋಗ ಹೆಚ್ಚು, ಹಸ್ತ ಬಹಾರಿಗೆ, ಅಂದರೆ ಮಳೆಗಾಲ ಮುಗಿಯುವ ಹೊತ್ತಿನ ಹೂವಿಗೆ, ಗಿಡ ಬಿಡಿ ಎಂದು ತಿಳಿದವರು ಹೇಳಿದ್ದರು. ಆದರೆ ಒಬ್ಬರು ಮೃಗ ಬಹಾರಿಗೆ, ಅಂದರೆ ಮುಂಗಾರಿನ ಹೂವಿಗೆ, ನೀರು ಕೊಟ್ಟರೆಂದು ಊರೆಲ್ಲ ಕೊಟ್ಟಿತು. ಮಳೆ ಹಿಡಿದುಕೊಂಡಿತು, ರೋಗ ಹೊಲದಿಂದ ಹೊಲಕ್ಕೆ ದಾಟಿತು. ಆ ವರ್ಷಗಳಲ್ಲಿ ಎಂದು ಮಳೆಯಾಯಿತು, ಎಂದು ಚುಕ್ಕೆ ಕಂಡಿತು ಎಂಬುದು ಈಗ ಊರಿನಲ್ಲಿ ಯಾರ ನೆನಪಿನಲ್ಲೂ ಇಲ್ಲ. ಬರೆದಿಡಬಾರದಿತ್ತೇ ಎಂದು ಕೇಳಿದರೆ, ‘ಬರೆದಿಟ್ಟರ ಮಳಿ ನಿಲ್ಲತಿತ್ತೇನು ತಮ್ಮಾ’ ಎಂದು ಕಾಕಾ ಕೇಳುತ್ತಾರೆ. ಗಂಗಾವತಿ ಕಡೆಯ ನನ್ನ ಬೀಗರೂ ಹೀಗೆಯೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅವರು ನಿದ್ದೆಗೆಟ್ಟರು; ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಮೇಲೆ ಮತ್ತೆ ಎರಡನೆಯ ಭತ್ತದ ಮಾತು. ಬೇರೆ ಬೆಳೆಯ ಮಾತನ್ನು ಯಾರೂ ಎತ್ತಲಿಲ್ಲ. ನನ್ನವರ ಈ ಮರೆವು ನನಗೆ ಸಂಕಟ ತರುತ್ತದೆ, ಅದನ್ನು ಮುಚ್ಚಿಡಲಾರೆ.

ಆದರೂ ಬೆಟ್ಟದವರಿಗೆ ಮೇಲೇರಲು ಬೆಟ್ಟವಿದೆ, ನಮ್ಮ ಬಯಲಿನಲ್ಲಿ ಏರುವುದೆಲ್ಲಿಗೆ? ಮಾಲೀಕರಿಗೆ ಎರಡು ತೋಟಗಳಿದ್ದವು, ಕಾಕಾನಿಗೆ ಇದ್ದದ್ದು ಒಂದೇ ಬೋರು, ಅದರ ಮೇಲೆ ಸಾಲ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಈ ಕಣಿವೆಯ ರಸ್ತೆ, ಸೇತುವೆಗಳನ್ನು ಕೊಂಡೊಯ್ದಾಗ ಕೆಂಪು ಪುಸ್ತಕದಿಂದಲೂ ಏನೂ ಆಗಲಿಲ್ಲ. ಪೆಟ್ಟಿಗೆಗೆ ತುಂಬಬೇಕಾದ ಹಣ್ಣು ರಸ್ತೆಯಿಲ್ಲದೆ ಅಂಗಳದಲ್ಲೇ ಉಳಿದದ್ದನ್ನು ನಾನೇ ಕಂಡಿದ್ದೇನೆ. ಸಜ್ಜೆಯ ಸಾಲುಗಳ ನಡುವೆ ಅಕ್ಕಡಿಗೆ ತೊಗರಿ ಹಾಕಿ, ಒಂದು ಹೋದರೆ ಇನ್ನೊಂದಾದರೂ ಬರಲಿ ಎನ್ನುತ್ತಿದ್ದ ನನ್ನಜ್ಜಿಯ ಲೆಕ್ಕವೂ ಲೆಕ್ಕವೇ.

ಈ ಸಲ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ ಬಂದು ಪಡಸಾಲೆಯಲ್ಲಿ ಕುಳಿತಾಗ, ಒಂದೇ ಮೊಳೆಗೆ ಒಂದರ ಮೇಲೊಂದು ನೇತುಹಾಕಿದ ಹಳೆಯ ಕ್ಯಾಲೆಂಡರುಗಳು ಕಣ್ಣಿಗೆ ಬಿದ್ದವು. ಹಾಳೆ ಎತ್ತಿ ನೋಡಿದರೆ, ಅಲ್ಲಲ್ಲಿ ತಾರೀಖಿನ ಕೆಳಗೆ ಸೀಸದಕಡ್ಡಿಯಲ್ಲಿ ‘ಹದ ಆತು’, ‘ಬರೇ ಗಾಳಿ’, ಒಂದು ಕಡೆ ‘ದಾಳಿಂಬ್ರಿ ಕಿತ್ತಿದ್ದು’ ಎಂದು ಕಾಕಾನ ಅಕ್ಷರ. ನಡುವೆ ತಿಂಗಳುಗಟ್ಟಲೆ ಖಾಲಿ, ಎರಡು ವರ್ಷದ ಕ್ಯಾಲೆಂಡರುಗಳೇ ಇಲ್ಲ. ‘ಕಾಕಾ, ಇದನ್ನೆಲ್ಲ ಒಂದು ಪುಸ್ತಕದಾಗ ಇಳಿಸೂಣೇನು?’ ಎಂದೆ. ಅವರು ಕನ್ನಡಕ ಹುಡುಕಲು ಒಳಗೆ ಹೋದರು.