ನಿಂಗಮ್ಮನ ಹಾಲು ಬಸಪ್ಪನ ಲೆಕ್ಕಕ್ಕೆ ಹೋದ ದಿನ

ಅಕ್ಕನ ಮಗಳು ಇವತ್ತು ಮಧ್ಯಾಹ್ನ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಪರೀಕ್ಷೆ ಮುಗಿಸಿ ಬಸ್ಸಿನಿಂದಲೇ ಫೋನ್ ಮಾಡಿದ್ದಳು. ವೈವಾದಲ್ಲಿ ಪಾಲಿಮಾರ್ಫಿಸಂ ಎಂದರೇನೆಂದು ಕೇಳಿದರಂತೆ. ಇವಳು ಹಸುವಿನ ಹಾಲು, ಎಮ್ಮೆಯ ಹಾಲು ಎಂದು ವಿವರಿಸಲು ಹೊರಟರೆ ಪರೀಕ್ಷಕರು ಕೈ ಅಡ್ಡ ಹಿಡಿದು, ‘ಅದೆಲ್ಲ ಬೇಡಮ್ಮ, ಡೆಫಿನಿಶನ್ ಹೇಳು’ ಎಂದರಂತೆ. ಗ್ರೀಕ್‌ನಲ್ಲಿ ಪಾಲಿ ಎಂದರೆ ಹಲವು, ಮಾರ್ಫ್ ಎಂದರೆ ರೂಪ ಎಂಬಲ್ಲಿಂದ ಶುರುಮಾಡಿ ಒಂದೇ ಉಸಿರಿಗೆ ಒಪ್ಪಿಸಿದಳು. ಪರೀಕ್ಷಕರು ತೃಪ್ತರಾದರು. ನನಗೆ ಮಾತ್ರ ಆಗಿನಿಂದ ಮೈ ಉರಿಯುತ್ತಿದೆ. ಬರಹ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹೋದ ಭಾನುವಾರ ಊರಿಗೆ ಹೋಗಿದ್ದಾಗ ಇವಳು ಜಗಲಿಯ ಮೇಲೆ ಶತಪಥ ಹಾಕುತ್ತಾ, ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಡುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ‘ನಾಲ್ಕು ಕಂಬ’ಗಳನ್ನು ಮಗ್ಗಿಯ ಹಾಗೆ ಉರುಹೊಡೆಯುತ್ತಿದ್ದಳು: ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಪುಸ್ತಕ ತೆರೆದು ನೋಡಿದರೆ ನಾನು ಓದುವಾಗ ಇದ್ದ ಅದೇ ಪ್ರಾಣಿ, ಅದೇ ನಾಯಿ, ಅದೇ ಬೆಕ್ಕು. ಪ್ರಾಣಿಯು ಶಬ್ದ ಮಾಡುತ್ತದೆ, ಆದ್ದರಿಂದ ಅದರ ಗುಣಗಳನ್ನು ಬಳುವಳಿಯಾಗಿ ಪಡೆದ ಮರಿಕ್ಲಾಸಾದ ನಾಯಿಯೂ ಶಬ್ದ ಮಾಡುತ್ತದೆ, ಆದರೆ ಬೌ ಬೌ ಎನ್ನುತ್ತದೆ. ಇಪ್ಪತ್ತು ವರ್ಷಗಳಿಂದ ಈ ಕಸುಬಿನಲ್ಲಿ ಅನ್ನ ತಿನ್ನುತ್ತಿದ್ದೇನೆ; ನಾಯಿಯನ್ನು ಬೊಗಳಿಸುವ ಪ್ರೋಗ್ರಾಮಿಗೆ ಸಂಬಳ ಕೊಡುವವರು ಯಾರೂ ನನಗೆ ಇದುವರೆಗೆ ಸಿಕ್ಕಿಲ್ಲ.

‘ಕ್ಲಾಸ್ ಯಾಕೆ ಬೇಕು ಹೇಳು ನೋಡೋಣ’ ಎಂದು ಕೇಳಿದೆ. ಕ್ಲಾಸ್ ಎಂದರೆ ಆಬ್ಜೆಕ್ಟಿನ ನೀಲನಕ್ಷೆ ಎಂದಳು. ‘ಅದು ಏನು ಎಂದು ಕೇಳಲಿಲ್ಲ, ಯಾಕೆ ಎಂದು ಕೇಳಿದೆ.’ ‘ಚಿಕ್ಕಮ್ಮ, ಯಾಕೆ ಎನ್ನುವುದು ಸಿಲಬಸ್ಸಿನಲ್ಲಿ ಇಲ್ಲ’ ಎಂದಳು. ತಮಾಷೆಗೆ ಹೇಳಿದ್ದಲ್ಲ.

ನನ್ನ ತಕರಾರು ಇಷ್ಟೇ. ಮುಳ್ಳು ಚುಚ್ಚದವರಿಗೆ ಚಪ್ಪಲಿಯ ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ನಿಮಗೆಲ್ಲ ಗೊತ್ತಿರುವಂತೆ ಅಪ್ಪ ನಮ್ಮೂರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಹಾಗಾಗಿ ನಾಯಿ ಬೆಕ್ಕುಗಳನ್ನು ಓಡಿಸಿ, ಐದು ಜನ ರೈತರ ಹಾಲಿನ ಲೆಕ್ಕ ಬರೆಯಲು ಹೇಳಿದೆ, ಅದೂ ಕ್ಲಾಸ್ ಇಲ್ಲದೆ. ಮೂರು ಅರೇ, ಅಂದರೆ ಸಾಲಾಗಿ ಜೋಡಿಸಿದ ಖಾನೆಗಳ ಮೂರು ಪಟ್ಟಿ ಮಾಡಿದಳು: ಒಂದರಲ್ಲಿ ಹೆಸರು, ಒಂದರಲ್ಲಿ ಲೀಟರು, ಇನ್ನೊಂದರಲ್ಲಿ ಫ್ಯಾಟ್. ಹೆಚ್ಚು ಹಾಲು ಹಾಕಿದವರು ಮೊದಲು ಬರುವಂತೆ ಜೋಡಿಸು ಎಂದೆ. ಲೀಟರಿನ ಅರೇಯನ್ನು ಜೋಡಿಸಿದಳು, ಹೆಸರುಗಳು ಇದ್ದಲ್ಲಿಯೇ ಉಳಿದವು, ನಿಂಗಮ್ಮನ ಒಂಬತ್ತು ಲೀಟರು ಬಸಪ್ಪನ ಹೆಸರಿನ ಮುಂದೆ ಬಂದು ಕುಳಿತಿತು. ಆರಾಮಕುರ್ಚಿಯಲ್ಲಿದ್ದ ಅಪ್ಪ ಕನ್ನಡಕ ಏರಿಸಿಕೊಂಡು ಸ್ಕ್ರೀನ್ ನೋಡಿ, ‘ಹೀಗೆ ಬಟವಾಡೆ ಮಾಡಿದ್ದರೆ ಊರವರು ನನ್ನನ್ನು ಅಂದೇ ಓಡಿಸುತ್ತಿದ್ದರು’ ಎಂದರು.

ಅವಳ ಮುಖದಲ್ಲಿ ಆಗ ಕಂಡ ಗಾಬರಿಯೇ ಪಾಠದ ಮೊದಲ ಪುಟವಾಗಬೇಕಿತ್ತು. ಒಬ್ಬ ರೈತನಿಗೆ ಸೇರಿದ್ದೆಲ್ಲವೂ ಒಂದೇ ಕಾರ್ಡಿನಲ್ಲಿದ್ದರೆ, ಕಾರ್ಡನ್ನು ಎಲ್ಲಿಗೆ ಸರಿಸಿದರೂ ಹೆಸರು, ಲೀಟರು, ಫ್ಯಾಟ್ ಜೊತೆಯಲ್ಲೇ ಸರಿಯುತ್ತವೆ ಎಂಬುದನ್ನು ಅವಳೇ ಹೇಳಿದಳು. ಅಚ್ಚು ಹಾಕಿಸಿದ ಖಾಲಿ ಕಾರ್ಡಿನ ನಮೂನೆ ಕ್ಲಾಸ್, ಹೆಸರು ಬರೆದು ನಿಂಗಮ್ಮನ ಕೈಗೆ ಕೊಟ್ಟದ್ದು ಆಬ್ಜೆಕ್ಟ್, ಕೊಡುವಾಗ ಹೆಸರು ಮತ್ತು ನಂಬರನ್ನು ಕಡ್ಡಾಯವಾಗಿ ತುಂಬಿಸುವ ಶಾಸ್ತ್ರ ಕನ್‌ಸ್ಟ್ರಕ್ಟರ್. ಫ್ಯಾಟ್ 4.0 ಎಂದು ಬರೆಯುವ ಬದಲು ಯಾರೋ ಚುಕ್ಕಿ ಮರೆತು 40 ಎಂದು ಬರೆದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಬರೆಯುವ ಅಧಿಕಾರ ಕಾರ್ಯದರ್ಶಿಗೆ ಮಾತ್ರ, ಅವರೂ ಪರಿಶೀಲಿಸಿಯೇ ಬರೆಯಬೇಕು. ಎನ್‌ಕ್ಯಾಪ್ಸುಲೇಶನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇದು. ಅದನ್ನು ಔಷಧಿಯ ಕ್ಯಾಪ್ಸೂಲಿಗೆ ಹೋಲಿಸುವುದರಿಂದ ಯಾರಿಗೆ ಏನು ಉಪಯೋಗವಾಯಿತೋ ನನಗೆ ತಿಳಿಯದು.

ಪುಸ್ತಕವು ಮೌನವಾಗಿ ದಾಟಿಹೋಗುವ ಜಾಗಗಳು ಬೇರೆಯೇ ಇವೆ, ಕಲಿಯುವವರು ಮುಗ್ಗರಿಸುವುದು ಅಲ್ಲಿಯೇ. ಐದು ರೈತರ ಅರೇ ಮಾಡಿ, ಮೊದಲನೆಯವನ ಲೀಟರು ತುಂಬಲು ಹೋದೊಡನೆ ಪ್ರೋಗ್ರಾಮು ನಲ್ ಪಾಯಿಂಟರ್ ಎಂದು ಬೈದು ಮಲಗಿತು. ಅವಳು ಮಾಡಿದ್ದು ಐದು ಕಾರ್ಡುಗಳನ್ನಲ್ಲ, ಐದು ಕಾರ್ಡು ಇಡಲು ಖಾಲಿ ಖಾನೆಗಳನ್ನು. ಪ್ರತಿ ಖಾನೆಗೂ ಒಂದೊಂದು ಹೊಸ ಕಾರ್ಡು ಮಾಡಿ ಇಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಿಂಗಮ್ಮನ ಆಬ್ಜೆಕ್ಟನ್ನು ಪ್ರಿಂಟ್ ಮಾಡಿದರೆ ಕ್ಲಾಸಿನ ಹೆಸರು, ಒಂದು ಅಟ್ ಚಿಹ್ನೆ, ಅದರ ಮುಂದೆ ತಲೆಬುಡವಿಲ್ಲದ ಅಂಕಿ-ಅಕ್ಷರಗಳು ಬಂದವು. ಲ್ಯಾಪ್‌ಟಾಪ್ ಕೆಟ್ಟಿತೇ ಎಂದು ಕೇಳಿದಳು. ಕಾರ್ಡನ್ನು ಜನರಿಗೆ ಓದಿ ಹೇಳುವುದು ಹೇಗೆಂದು ನೀನು ಹೇಳಿಕೊಡದಿದ್ದರೆ ಜಾವಾ ತನಗೆ ತೋಚಿದ್ದನ್ನು ಓದುತ್ತದೆ ಎಂದೆ. ಇನ್ನು ಒಂದು ಆಬ್ಜೆಕ್ಟನ್ನು ಬೇರೆ ಹೆಸರಿಗೆ ಸಮವೆಂದು ಬರೆದಾಗ ಹೊಸ ಕಾರ್ಡು ಹುಟ್ಟುವುದಿಲ್ಲ, ಒಂದೇ ಕಾರ್ಡಿಗೆ ಎರಡು ಹೆಸರಾಗುತ್ತದೆ, ಒಂದರ ಮೂಲಕ ತಿದ್ದಿದರೆ ಇನ್ನೊಂದರಲ್ಲೂ ತಿದ್ದಿದಂತೆಯೇ ಎಂಬುದನ್ನು ಅರಗಿಸಿಕೊಳ್ಳಲು ಅವಳಿಗೆ ಒಂದು ಗಂಟೆ ಬೇಕಾಯಿತು. ನನಗೆ ಒಂದು ವರ್ಷ ಹಿಡಿದಿತ್ತು.

ಕಂಬಗಳನ್ನು ನೆಟ್ಟು ಆಮೇಲೆ ಮನೆ ಹುಡುಕಿದವರು ನಾವೇ ಹೊರತು ಇದನ್ನು ಕಂಡುಹಿಡಿದವರಲ್ಲ. 1960ರ ದಶಕದಲ್ಲಿ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅವರಿಗೆ ಸರದಿ ಸಾಲಿನಂಥ ವ್ಯವಸ್ಥೆಗಳ ನಡವಳಿಕೆಯನ್ನು ಕಂಪ್ಯೂಟರಿನೊಳಗೆ ಅನುಕರಿಸಿ ನೋಡಬೇಕಾಗಿತ್ತು. ಅದಕ್ಕಾಗಿ ಕಟ್ಟಿದ ಸಿಮ್ಯುಲಾ 67 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್, ಮರಿಕ್ಲಾಸಿಗೆ ಗುಣಗಳ ಬಳುವಳಿ ಕೊಡುವ ಇನ್‌ಹೆರಿಟೆನ್ಸ್ ಎಲ್ಲವೂ ಬಂದವು. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರಲ್ಲಿ ಅವರಿಬ್ಬರಿಗೆ ಸಂದದ್ದು ಈ ಕೆಲಸಕ್ಕೆ. ಸಿಮ್ಯುಲಾದ ಅಚ್ಚುಕಟ್ಟುತನ ಬೇಕು, ಆದರೆ ಅದರ ನಿಧಾನ ಬೇಡ ಎಂಬ ಪೇಚಿನಿಂದ ಬಿಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಶುರುಮಾಡಿದ್ದೇ ಮುಂದೆ ಸಿ ಪ್ಲಸ್ ಪ್ಲಸ್ ಭಾಷೆಯಾಯಿತು. ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಹೆಸರಿಟ್ಟ ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ ಅವರೇ ಆ ಹೆಸರಿನ ಬಗ್ಗೆ ಆಮೇಲೆ ಪೇಚಾಡಿಕೊಂಡಿದ್ದಾರೆ, ಮುಖ್ಯವಾದದ್ದು ಆಬ್ಜೆಕ್ಟುಗಳಲ್ಲ, ಅವು ಪರಸ್ಪರ ಕಳಿಸುವ ಸಂದೇಶಗಳು ಎಂದು. ಎಲ್ಲರಿಗೂ ಮೊದಲು ಕಾಲಿಗೆ ಮುಳ್ಳು ಚುಚ್ಚಿತ್ತು. ನಮ್ಮ ಮಕ್ಕಳಿಗೆ ಮೊದಲ ದಿನವೇ, ಜಾವಾ ಪ್ರೋಗ್ರಾಮು ಶುರುವಾಗಲು ಬರೆಯಬೇಕಿದ್ದ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ ಮಂತ್ರ, ಅರ್ಥ ಆಮೇಲೆ ಎಂಬ ಆಶ್ವಾಸನೆ. 2025ರಲ್ಲಿ ಬಂದ ಜಾವಾ 25, ಹೊಸಬರು ಆ ಮಂತ್ರವಿಲ್ಲದೆಯೇ ಮೊದಲ ಪ್ರೋಗ್ರಾಮು ಬರೆಯಲು ಅವಕಾಶ ಕೊಟ್ಟಿದೆ. ಭಾಷೆಯೇ ಬಗ್ಗಿತು, ಪ್ರಶ್ನೆಪತ್ರಿಕೆ ಬಗ್ಗಲಿಲ್ಲ.

ವ್ಯಾಖ್ಯಾನವೂ ಬೇಕಲ್ಲವೇ, ತುಂಬಿದ ತರಗತಿಯಲ್ಲಿ ಮೇಷ್ಟ್ರು ಒಬ್ಬೊಬ್ಬರಿಗೂ ಡೇರಿ ತೋರಿಸುತ್ತಾ ಕೂರಲು ಸಾಧ್ಯವೇ, ನಾಳೆ ಇಂಟರ್‌ವ್ಯೂನಲ್ಲಿ ಕೇಳುವುದು ಅದನ್ನೇ ಅಲ್ಲವೇ ಎಂದು ಕೆಲವರು ಕೆಳಗೆ ಬರೆಯುತ್ತೀರಿ, ಗೊತ್ತು. ಬೇಕು, ಖಂಡಿತ ಬೇಕು, ಕೊನೆಗೆ ಬೇಕು. ಮೂರು ಅರೇ, ಒಂದು ತಪ್ಪು ಜೋಡಣೆ, ಹದಿನೈದು ನಿಮಿಷ, ಇಷ್ಟಕ್ಕೆ ಸಮಯವಿಲ್ಲದ ಸಿಲಬಸ್ಸಿನಲ್ಲಿ ನಾಯಿ ಬೊಗಳಲು ಎರಡು ಪುಟ ಹೇಗೆ ಸಿಕ್ಕಿತು?

ಇಂಟರ್‌ವ್ಯೂ ವಿಷಯದಲ್ಲಿ ಮಾತ್ರ ನಾನು ತಲೆ ತಗ್ಗಿಸಬೇಕು. ನನಗೆ ಮೊದಲ ಕೆಲಸ ಸಿಕ್ಕಿದ್ದು ಅದೇ ಕ್ಯಾಪ್ಸೂಲಿನ ಉತ್ತರ ಹೇಳಿ. ಆಮೇಲೆ ಎಷ್ಟೋ ವರ್ಷ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತು, ಎನ್‌ಕ್ಯಾಪ್ಸುಲೇಶನ್ನಿಗೂ, ಒಳಗಿನ ವಿವರ ಬಿಟ್ಟು ಬೇಕಾದದ್ದನ್ನಷ್ಟೇ ತೋರಿಸುವ ಅಬ್‌ಸ್ಟ್ರಾಕ್ಷನ್ನಿಗೂ ಏನು ವ್ಯತ್ಯಾಸ ಎಂದು ನಾನೂ ಕೇಳಿದ್ದೇನೆ, ನನಗೇ ಅದು ಆಗ ಸ್ಪಷ್ಟವಿರಲಿಲ್ಲ. ತಡವರಿಸಿದ ಹುಡುಗನೊಬ್ಬನನ್ನು ಮನೆಗೆ ಕಳಿಸಿದ್ದೂ ಇದೆ. ಇವತ್ತಿನ ಪರೀಕ್ಷಕರ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಇರಬೇಕು.

ಭಾನುವಾರದ ಕಥೆ ಪೂರ್ತಿಯಾಗಲಿಲ್ಲ. ಇನ್‌ಹೆರಿಟೆನ್ಸ್ ತೋರಿಸುವ ಉತ್ಸಾಹದಲ್ಲಿ ನಾನು ರೈತನ ಕ್ಲಾಸಿನಿಂದ ಹಸುವಿನ ರೈತ, ಎಮ್ಮೆಯ ರೈತ ಎಂದು ಎರಡು ಮರಿಕ್ಲಾಸು ಮಾಡಿಸಿದ್ದೆ. ಎಮ್ಮೆಯ ಹಾಲಿನಲ್ಲಿ ಫ್ಯಾಟ್ ಹೆಚ್ಚು, ಬೆಲೆಯ ಲೆಕ್ಕ ಬೇರೆ, ಆದ್ದರಿಂದ ರೈತರೂ ಬೇರೆ ಎಂಬುದು ನನ್ನ ತರ್ಕ. ಅವಳು ಪೆನ್ನು ಕಚ್ಚುತ್ತಾ ಕುಳಿತವಳು, ‘ಚಿಕ್ಕಮ್ಮ, ನಿಂಗಮ್ಮನ ಮನೆಯಲ್ಲಿ ಹಸುವೂ ಇದೆ, ಎಮ್ಮೆಯೂ ಇದೆ. ಅವರು ಯಾವ ಕ್ಲಾಸು?’ ಎಂದಳು. ಜಾವಾದಲ್ಲಿ ಒಂದು ಕ್ಲಾಸಿಗೆ ಇಬ್ಬರು ತಂದೆಯರಿರುವಂತಿಲ್ಲ, ಇದ್ದಿದ್ದರೂ ಅದು ಪರಿಹಾರವಾಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಅನುಭವ ಬಾಯಿ ಮುಚ್ಚಿಕೊಂಡಿತು. ಅವಳೇ ಎರಡೂ ಮರಿಕ್ಲಾಸುಗಳನ್ನು ಅಳಿಸಿ, ಹಾಲಿಗೇ ಒಂದು ಕ್ಲಾಸು ಮಾಡಿ, ಹಸುವಿನ ಹಾಲು, ಎಮ್ಮೆಯ ಹಾಲು ಎಂದು ಅದನ್ನು ಕವಲೊಡೆಸಿ, ಎರಡಕ್ಕೂ ಬೆಲೆ ಎಂಬ ಒಂದೇ ಹೆಸರಿನ ಮೆಥಡ್, ಅಂದರೆ ಕ್ಲಾಸು ಮಾಡಬೇಕಾದ ಕೆಲಸ, ಕೊಟ್ಟು, ರೈತನ ಕಾರ್ಡಿನೊಳಗೆ ಹಾಲಿನ ಪಟ್ಟಿ ಇಟ್ಟಳು. ಲೆಕ್ಕ ಹಾಕುವವರು ಯಾವ ಹಾಲೆಂದು ಕೇಳಬೇಕಿಲ್ಲ. ಬೆಲೆ ಎಷ್ಟೆಂದರೆ ಸಾಕು, ಹಾಲು ತನ್ನ ಲೆಕ್ಕ ತಾನೇ ಹೇಳುತ್ತದೆ. ಪಾಲಿಮಾರ್ಫಿಸಂ ಎಂದರೆ ಇದೇ. ಪರೀಕ್ಷಕರು ಇವತ್ತು ಬೇಡವೆಂದದ್ದು ಇದನ್ನೇ.

ಅಪ್ಪನಿಗೆ ನಮ್ಮ ಸಂಭ್ರಮ ಅರ್ಥವಾಗಲಿಲ್ಲ. ‘ರೈತನಿಗೆ ಒಂದೇ ನಂಬರು, ಹಾಲಿಗೆ ಎರಡು ಸಾಲು. ನಾವು ರಿಜಿಸ್ಟರಿನಲ್ಲಿ ಮೊದಲಿನಿಂದಲೂ ಹಾಗೇ ಬರೆಯುತ್ತಿದ್ದೆವಲ್ಲ’ ಎಂದು ಪೇಪರ್ ಕಡೆಗೆ ತಿರುಗಿದರು.