ಬಿಸಿಲಲ್ಲಿ ಮೊದಲು ಕೈಕೊಡುವುದು ಕಾಲಲ್ಲ, ತಲೆ

ಏಪ್ರಿಲ್ ಬಂತು. ಬಳ್ಳಾರಿ, ರಾಯಚೂರು ಕಡೆ ಒಬ್ಬರೇ ಸೈಕಲ್ ತುಳಿಯುತ್ತೇವೆ ಅಂತ ಮೂರು ಜನ ಮೆಸೇಜ್ ಮಾಡಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೆಯಬಹುದು? ಅದು ಬಿಡಿ, ಬೆಳಿಗ್ಗೆ ಎಷ್ಟು ಗಂಟೆಗೆ ನಿಲ್ಲಿಸ್ತೀರಿ ಹೇಳಿ ಅಂತ ಕೇಳಿದೆ.

ನಾನಿದನ್ನು ಕಲಿತದ್ದು ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ. ಆ ದಿನ ಮುದಗಲ್ ಕೋಟೆ ನೋಡುತ್ತಾ ಹೊತ್ತು ಹೋಗಿತ್ತು. ಲಿಂಗಸುಗೂರು ದಾಟುವಾಗಲೇ ಹನ್ನೊಂದು. ಹಿಂದಿನಿಂದ ಗಾಳಿ ಇತ್ತು, ಸೈಕಲ್ ಸುಮ್ನೆ ಓಡ್ತಿತ್ತು. ಮೋಸ ಅಲ್ಲೇ ಇರೋದು. ಗಾಳಿಯೂ ನಾವೂ ಒಂದೇ ವೇಗದಲ್ಲಿ ಹೋಗುವಾಗ ಮೈಗೆ ಗಾಳಿಯೇ ತಾಗುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗೋದು?

ಎರಡೂ ಕಡೆ ಬಿರುಕು ಬಿಟ್ಟ ಎರೆ ಹೊಲ. ನೆರಳು ಅಂದರೆ ಬಳ್ಳಾರಿ ಜಾಲಿ, ಅದರ ಕೆಳಗೆ ಸೈಕಲ್ ತಂದರೆ ಟ್ಯೂಬ್ ಕಥೆ ಮುಗೀತು. ಬಾಟಲಿಯ ನೀರು ಚಹಾದಷ್ಟು ಬಿಸಿ. ಸ್ವಲ್ಪ ಹೊತ್ತಿಗೆ ತೋಳಿನ ರೋಮ ಎದ್ದು ನಿಂತವು. ಆ ಉರಿಯಲ್ಲಿ ಚಳಿ! ಬಿಸಿಲು ಬಡಿದ ಲಕ್ಷಣ ಅದು. ಆದರೂ ತಲೆ ಹೇಳಿದ್ದು ಒಂದೇ, ಇನ್ನು ಹತ್ತು ಕಿಲೋಮೀಟರ್ ಅಷ್ಟೇ. ಆಗ ಅದು ನನಗೆ ಸರಿ ಅಂತಲೇ ಅನಿಸಿತ್ತು. ಈಗ ನೆನೆಸಿಕೊಂಡರೆ ಭಯವಾಗೋದು ಅದಕ್ಕೇ.

ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಕೋಲು ಅಡ್ಡ ಹಿಡಿದರು. "ಏ ತಮ್ಮಾ, ಇಂಥಾ ಬಿಸಿಲಾಗ ಎಲ್ಲಿಗ್ ಹೊಂಟೀ? ಇಳಿ, ಇಳಿ."

ಬೇವಿನ ಮರದ ಬುಡದಲ್ಲಿ ಕೂರಿಸಿದರು. ಒದ್ದೆ ಗೋಣಿತಟ್ಟು ಸುತ್ತಿದ ಕ್ಯಾನಿನಿಂದ ಮೊದಲು ನೆತ್ತಿಗೆ ನೀರು ಹೊಯ್ದರು, ಆಮೇಲೆ ಕುಡಿಯೋಕೆ ಕೊಟ್ಟರು. "ಗಟಗಟ ಕುಡೀಬ್ಯಾಡ, ಸಾವಕಾಶ." ತಮ್ಮ ಬುತ್ತಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ, ಉಪ್ಪು ಹಾಕಿದ ಮಜ್ಜಿಗೆ. ಎರಡು ಗಂಟೆಗೆ ಹೊರಡ್ಲಾ ಅಜ್ಜಾರೇ ಅಂದೆ. "ಕುರಿ ಸುದ್ದಾ ಮಲಗ್ಯಾವ, ಕಾಣವಲ್ದೇನ್?" ಅಂದರು.

ನಾಲ್ಕೂವರೆಗೆ ಬಿಟ್ಟರು.

ಜೊತೆಗೆ ಯಾರಾದರೂ ಇದ್ದರೆ ಮುಖ ನೋಡಿ ನಿಲ್ಲಿಸು ಅಂತಾರೆ. ಒಬ್ಬರೇ ಹೋಗುವವರಿಗೆ ಅದನ್ನು ಹೇಳೋರು ಯಾರು? ನಿಲ್ಲುವ ಹೊತ್ತನ್ನು ಹಿಂದಿನ ರಾತ್ರಿ, ತಲೆ ತಣ್ಣಗಿರುವಾಗಲೇ ತೀರ್ಮಾನ ಮಾಡಿಡಬೇಕು. ನನ್ನದು ಈಗ 10.30. ಊರು ಎರಡೇ ಕಿಲೋಮೀಟರ್ ಇದ್ದರೂ ನೆರಳು ಸಿಕ್ಕಲ್ಲಿ ಇಳಿಯುತ್ತೇನೆ. ಸಂಜೆ ನಾಲ್ಕರವರೆಗೆ ಏಳಲ್ಲ.

ನೀರಿನ ವಿಷಯ ಬೇಗ ಹೇಳಿಬಿಡ್ತೀನಿ. ಆ ಬಿಸಿಲಲ್ಲಿ ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ ಬೆವರು ಹೋಗಬಹುದು, ಜೊತೆಗೆ ಉಪ್ಪೂ. ಬರೀ ನೀರನ್ನೇ ಕುಡೀತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇನ್ನೂ ಇಳಿಯುತ್ತೆ. ಓಆರ್‌ಎಸ್ ಇಟ್ಟುಕೊಳ್ಳಿ. ಸಿಗದಿದ್ದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಾಟಲಿಗೆ ಒದ್ದೆ ಕಾಲುಚೀಲ ಹಾಕಿ, ನೀರು ಕುಡಿಯೋ ಹಾಗಿರುತ್ತೆ. ಅರವಟಿಗೆ ಕಂಡರೆ ದಾಟಿ ಹೋಗಬೇಡಿ.

ಮಧ್ಯಾಹ್ನ ಕೂತರೆ ದಿನವೇ ಹಾಳು ಅಂತಾರೆ ಕೆಲವರು. ನಾನು ಒಪ್ಪಲ್ಲ. ಆ ಸಂಜೆ ನಿಧಾನಕ್ಕೆ ಮಸ್ಕಿ ಸೇರಿದೆ. ಮರುದಿನ ಬೆಳಿಗ್ಗೆ ಅಶೋಕನ ಶಾಸನ ನೋಡೋಕೆ ಹೋದೆ, 1915ರಲ್ಲಿ ಪತ್ತೆಯಾದದ್ದು. ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ರಾಜ ಅಂದರೆ ಅಶೋಕನೇ ಅಂತ ಹೆಸರು ಸಮೇತ ಗೊತ್ತಾದದ್ದು ಈ ಬಂಡೆಯಿಂದ. ಕಿಲೋಮೀಟರ್ ಲೆಕ್ಕದಲ್ಲಿ ಹೊರಟಿದ್ದರೆ ಅದರ ಪಕ್ಕದಲ್ಲೇ ತುಳಿದುಕೊಂಡು ಹೋಗಿರುತ್ತಿದ್ದೆ.

ಮೂವರಲ್ಲಿ ಒಬ್ಬ ಹುಡುಗ ರಾತ್ರಿ ಉತ್ತರ ಬರೆದಿದ್ದ: "ಅಣ್ಣಾ, ಹತ್ತಕ್ಕೇ ನಿಲ್ಲಿಸ್ತೀನಿ." ಅವನಿಗೆ ಆ ಬೇವಿನ ಮರ ಎಲ್ಲಿದೆ ಅಂತ ಲೊಕೇಶನ್ ಕಳಿಸಿದೆ.