ರೈಲಿಲ್ಲದ ಊರಿನ ಹಳಿ

ಹೋಂಸ್ಟೇಯಲ್ಲಿ ತಿಂಡಿಗೆ ಗಂಟೆ ಹೊಡೆದರು. ಹೊಡೆದದ್ದೇ ತಡ, ನಾನು ಕೂತಲ್ಲಿಂದ ಎದ್ದು ಚಪ್ಪಲಿ ಹುಡುಕತೊಡಗಿದೆ. ಅರವತ್ತು ದಾಟಿದರೂ ನನ್ನ ಕಾಲಿಗೆ ಆ ಸದ್ದಿನ ಹೆದರಿಕೆ ಹೋಗಿಲ್ಲ. ಬೆಂಗಳೂರಿನಿಂದ ಬಂದಿದ್ದ ಜೋಡಿ ಮಾತ್ರ ಆರಾಮಾಗಿ ಅಕ್ಕಿ ಶಾವಿಗೆಯ ನೂಪುಟ್ಟಿನ ಕಡೆ ನಡೆಯಿತು.

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟ ಅದು. ಅಪ್ಪ ಅಲ್ಲಿ ಮೂವತ್ತು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಈಗ ಸಾವ್ಕಾರ್ರ ಮೊಮ್ಮಗ ಬಂಗಲೆಯನ್ನು ಹೋಂಸ್ಟೇ ಮಾಡಿ, ವರಾಂಡದ ಮೂಲೆಯೊಂದಕ್ಕೆ ‘ಹೆರಿಟೇಜ್ ಕಾರ್ನರ್’ ಎಂದು ಬೋರ್ಡು ಹಾಕಿದ್ದಾನೆ. ಅಲ್ಲಿ ಮೊಂಡು ಕತ್ತಿಗಳಿವೆ, ಟೈಪ್‌ರೈಟರ್ ಇದೆ, ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ಕೈಬರಹದ ಹಾಜರಿ ಪುಸ್ತಕ, ಚೆಕ್‌ರೋಲ್ ಇದೆ. ಹೊರಗೆ ಹಲಸಿನ ಮರಕ್ಕೆ ಸರಪಳಿಯಲ್ಲಿ ನೇತುಹಾಕಿದ ರೈಲು ಹಳಿಯ ತುಂಡು. ಅದರ ಪಕ್ಕ ಚೀಟಿ: ‘ಬ್ರಿಟಿಷರ ಕಾಲದ ಗಂಟೆ’.

ಹುಡುಗ ಒಳ್ಳೆಯವನು. ನನ್ನನ್ನು ಕರೆಸಿದ್ದೂ ಅದಕ್ಕೇ. “ಅಂಕಲ್, ಲೇಬರ್ ಕಡೆಯದ್ದು ಏನೂ ಸಿಕ್ಕಿಲ್ಲ. ಯೂನಿಯನ್, ಸ್ಟ್ರೈಕ್, ಅಂಥದ್ದು. ಒಂದು ಬಾವುಟ ಸಿಕ್ಕಿದ್ರೂ ಸಾಕು, ಗೋಡೆಗೆ ಕಲರ್ ಬರುತ್ತೆ” ಎಂದ.

ಗೋಡೆಗೆ ಕಲರ್! ನೂಪುಟ್ಟು ಗಂಟಲಲ್ಲೇ ನಿಂತಿತು. ಆದರೂ ಇನ್ನೆರಡು ಹಾಕಿಸಿಕೊಂಡೆ.

ಕೊಡಗಿಗೆ ರೈಲು ಬಂದಿಲ್ಲ. ಬರಬೇಕೋ ಬೇಡವೋ ಎಂಬ ಜಗಳ ಮಾತ್ರ ಆಗಾಗ ಬಂದು ಹೋಗುತ್ತದೆ. ಹಾಗಿದ್ದೂ ಇಲ್ಲಿಯ ಎಷ್ಟೋ ತೋಟಗಳಲ್ಲಿ ರೈಲು ನೋಡದ ಜನ ಹಳಿಯ ಸದ್ದಿಗೆ ಎದ್ದಿದ್ದಾರೆ, ಹಳಿಯ ಸದ್ದಿಗೆ ಗಂಜಿ ಕುಡಿದಿದ್ದಾರೆ. ನಮ್ಮ ತೋಟದಲ್ಲಿ ಆರಕ್ಕೊಂದು ಸಲ, ಏಳೂವರೆಗೆ ಮಸ್ಟರಿಗೆ, ಅಂದರೆ ಹಾಜರಿಗೆ, ಇನ್ನೊಂದು ಸಲ. ಎರಡನೆಯದರ ನಂತರ ಬಂದವರಿಗೆ ಅರ್ಧ ದಿನದ ಸಂಬಳ ಇಲ್ಲ.

ಎಪ್ಪತ್ತರ ದಶಕದ ಒಂದು ಜುಲೈನಲ್ಲಿ ಆ ಹಳಿ ಮಾಯವಾಯಿತು.

ಜಗಳ ಕಂಬಳಿಯದ್ದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ 17ನೇ ಕಲಂನಲ್ಲಿ ಕೊಡೆ, ಕಂಬಳಿ, ರೇನ್‌ಕೋಟುಗಳ ಮಾತಿತ್ತು. ಮಳೆ ಚಳಿಯಿಂದ ಕಾಪಾಡಲು ಮಾಲೀಕರು ಇಂಥವನ್ನು ಕೊಡಬೇಕೆಂದು ಸರ್ಕಾರ ನಿಯಮ ಮಾಡಬಹುದು ಎಂದು. ನಮ್ಮ ತೋಟದ ಯೂನಿಯನ್ ಸೆಕ್ರೆಟರಿ ಆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಆ ವರ್ಷ ಕೊಡಬೇಕಾದ ಕಂಬಳಿ ಬರಲಿಲ್ಲ. ಜೂನ್ ಪೂರ್ತಿ ಗೊಣಗಿದರು. ಒಂದು ಬೆಳಗ್ಗೆ ಅಪ್ಪ ಕೊಡೆ ಹಿಡಿದು ಹೋಗಿ ನೋಡಿದರೆ ಸರಪಳಿ ಇದೆ, ಹಳಿ ಇಲ್ಲ.

ಅಪ್ಪ ಸೀಟಿ ಊದಿದರು. ಮಳೆಯಲ್ಲಿ ಅದು ಮರಿಹಕ್ಕಿ ಕೂಗಿದಷ್ಟೂ ಕೇಳಲಿಲ್ಲ. ಸೀಮೆಎಣ್ಣೆ ಡಬ್ಬ ಬಡಿದರು. ಕೊನೆಗೆ ಬಂಗಲೆಯ ಅಡುಗೆಮನೆಯಿಂದ ದೊರೆಯ ಊಟದ ತಟ್ಟೆ ತಂದು ಸೌಟಿನಲ್ಲಿ ಬಾರಿಸಿದರು. ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ನಾಯಿಗಳಷ್ಟೇ ಬಂದವು. ಒಂಬತ್ತಕ್ಕೆ ಹೋಗಿ ಕೇಳಿದರೆ ಎಲ್ಲರೂ ಒಲೆಯ ಮುಂದೆ ಕೂತಿದ್ದಾರೆ. “ಗಂಟೆ ಕೇಳಿಸ್ಲಿಲ್ಲ ರೈಟರಯ್ಯ. ಕೇಳಿಸಿದ್ರೆ ಬರ್ತಿದ್ವಲ್ಲ.” ಇದನ್ನು ಮುಷ್ಕರ ಎನ್ನುವಂತಿಲ್ಲ, ಯಾರೂ ನೋಟೀಸು ಕೊಟ್ಟಿಲ್ಲ, ಘೋಷಣೆ ಕೂಗಿಲ್ಲ. ಗೈರುಹಾಜರಿಗೆ ಕಾರಣ ಬರಿ ಎಂದು ದೊರೆ ಗದರಿದರು. ಅಪ್ಪ ಚೆಕ್‌ರೋಲಿನಲ್ಲಿ ನಾಲ್ಕು ದಿನವೂ ತಪ್ಪದೆ ‘ಗಂಟೆ ಇಲ್ಲ’ ಎಂದು ಬರೆದರು. ಐದನೆಯ ದಿನ ಲಾರಿಯಲ್ಲಿ ಕಂಬಳಿ ಬಂತು.

ಹಳಿ ಬರಲಿಲ್ಲ. ಆಗ ಅಪ್ಪನನ್ನು ಮೈಸೂರಿಗೆ ಅಟ್ಟಿದರು. ಗುಜರಿಯಲ್ಲಿ ಎರಡಡಿಯ ತುಂಡೊಂದು ಸಿಕ್ಕಿತು, ಇಪ್ಪತ್ತೈದು ಕೆಜಿಗೆ ಕಡಿಮೆಯಿಲ್ಲ. ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿಸಿದರೆ ಕಂಡಕ್ಟರ್ ಲಗೇಜು ಕೇಳಿದ. ಏನಿದು ಎಂದ. ಗಂಟೆ ಎಂದರು ಅಪ್ಪ. ಯಾವ ದೇವಸ್ಥಾನಕ್ಕೆ ಎಂದ. ಅಪ್ಪ ಸ್ವಲ್ಪ ಯೋಚಿಸಿ, ಕಾಫಿ ತೋಟಕ್ಕೆ ಎಂದರು. ಆತ ನಂಬದೆ ಗೋಣಿ ಬಿಚ್ಚಿಸಿ ನೋಡಿ, ರೈಲ್ವೆ ಮಾಲು ಕದ್ದು ತಂದಿದ್ದೀರಾ ಎಂದು ಹುಣಸೂರಿನವರೆಗೂ ಜಗಳವಾಡಿದ. ಅಲ್ಲಿಂದ ಪಿರಿಯಾಪಟ್ಟಣದವರೆಗೆ ಸೀಟು ಸಿಗದ ಅಜ್ಜಿಯೊಬ್ಬಳು ಅದರ ಮೇಲೇ ಕೂತು ಬಂದಳಂತೆ. ಅಪ್ಪ ಈ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದರು. ಲಗೇಜಿನ ದುಡ್ಡು ತೋಟದವರು ಕೊಡಲಿಲ್ಲ ಎಂಬ ಸಾಲನ್ನು ಎಂದೂ ಬಿಟ್ಟವರಲ್ಲ.

ಈಗ ನೂಪುಟ್ಟಿಗೆ ಬಾರಿಸುತ್ತಿರುವುದು ಆ ಗುಜರಿಯ ಹಳಿ. ಹಳಿಯ ಹೊಟ್ಟೆಯ ಮೇಲೆ ಅದು ತಯಾರಾದ ವರ್ಷ ಉಬ್ಬಿರುತ್ತದೆ. ಕನ್ನಡಕ ಹಾಕಿಕೊಂಡು ನೋಡಿದೆ: 1956. ಕೊಡಗು ಮೈಸೂರಿಗೆ ಸೇರಿದ ವರ್ಷ. ಬ್ರಿಟಿಷರು ಹೋಗಿ ಒಂಬತ್ತು ವರ್ಷವಾಗಿತ್ತು. ಹೇಳಿದರೆ ಹುಡುಗ, “ಇರ್ಲಿ ಬಿಡಿ ಅಂಕಲ್, ಗೆಸ್ಟ್‌ಗಳಿಗೆ ಗೊತ್ತಾಗಲ್ಲ” ಎಂದ. ಚೆಕ್‌ರೋಲಿನಲ್ಲಿ ಜುಲೈ ಪುಟ ತೆಗೆದಿಡು ಎಂದೆ. ಅದರಲ್ಲಿ ಇಂಕು ಕಲಸಿಹೋಗಿದೆ, ಈ ಪುಟ ನೀಟಾಗಿದೆ ಎಂದ. ನೀಟಾದ ಪುಟದಲ್ಲಿ ಎಲ್ಲರೂ ಹಾಜರು.

ಮಡಿಕೇರಿ ಕೋಟೆಯೊಳಗೆ 1855ರ ಸೇಂಟ್ ಮಾರ್ಕ್ಸ್ ಚರ್ಚು ಮ್ಯೂಸಿಯಂ ಆಗಿದೆ. ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತು. ಆಗಬೇಕಾದದ್ದೇ, ಎರಡನ್ನೂ ಟಿಕೆಟು ತೆಗೆದುಕೊಂಡು ನೋಡುವವನು ನಾನು. ಆದರೆ ಕೋವಿ ಕತ್ತಿಗಳನ್ನು ಇಡುವುದು ಸುಲಭ, ಎಣ್ಣೆ ಹಚ್ಚಿದರೆ ಮುಗಿಯಿತು. ಕಂಬಳಿಯನ್ನು ಹೇಗೆ ಇಡುತ್ತೀರಿ? ನಾಲ್ಕು ದಿನ ಕೂಲಿ ಬಿಟ್ಟು ಗಳಿಸಿದ ಕಂಬಳಿಯನ್ನು ಅವರು ಹೊದ್ದರು, ಬಾಣಂತಿಗೆ ಹಾಸಿದರು, ಹರಿದ ಮೇಲೆ ಬಾಗಿಲಿಗೆ ಹಾಕಿದರು, ಅಲ್ಲಿಂದ ನಾಯಿಗೆ ಹೋಯಿತು. ಶ್ರೀಲಂಕಾದ ಗಂಪೋಲದ ಕಡೆ ಟೀ ತೋಟದ ಕಾರ್ಮಿಕರ ಲೈನ್ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಯೂನಿಯನ್ನುಗಳ ಬ್ಯಾನರುಗಳನ್ನು ದುರಸ್ತಿ ಮಾಡುವುದಕ್ಕೇ ಒಂದು ಸ್ಟುಡಿಯೋ ಇದೆ. ಬಟ್ಟೆಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎನ್ನುತ್ತದೆ ಮ್ಯೂಸಿಯಂ ಶಾಸ್ತ್ರ. ನಮಗೆ ಆ ಖರ್ಚಿಲ್ಲ. ಜುಲೈನಲ್ಲಿ ಮಡಿಕೇರಿಯ ಸೂರ್ಯನೇ ಅಷ್ಟು ಕೊಡುವುದಿಲ್ಲ. ಬೂಷ್ಟನ್ನು ಮಾತ್ರ ಕೇಳಿದಷ್ಟು ಕೊಡುತ್ತಾನೆ.

ಇನ್ನು ಬಾವುಟ. ಅದು ನಮ್ಮಲ್ಲೇ ಇತ್ತು, ಹೇಳಲು ನಾಚಿಕೆ. ಸೆಕ್ರೆಟರಿ ಊರು ಬಿಡುವಾಗ ಯೂನಿಯನ್ನಿನ ಟ್ರಂಕನ್ನು ಅಪ್ಪನ ಕೈಗೇ ಕೊಟ್ಟಿದ್ದ. ಲೈನು ಸೋರುತ್ತಿತ್ತು, ರೈಟರ ಮನೆ ಸೋರುತ್ತಿರಲಿಲ್ಲ, ಅಷ್ಟೇ ಕಾರಣ. ರಸೀದಿ ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿದೆ. ರಬ್ಬರ್ ಸೀಲು ಅದರ ಪ್ಯಾಡಿಗೆ ಅಂಟಿ ಎರಡೂ ಒಂದಾಗಿವೆ. ಬಾವುಟ ಚೆನ್ನಾಗಿಯೇ ಇತ್ತು, ಕಳೆದ ವರ್ಷದವರೆಗೆ. ಮೊನ್ನೆ ಹುಡುಕಿದರೆ ಇಲ್ಲ. ಹೆಂಡತಿಯನ್ನು ಕೇಳಿದೆ.

“ಗದ್ದೆ ಬೇಲಿಯಲ್ಲಿದೆ. ಹಂದಿ ಬರ್ತಿತ್ತಲ್ಲ, ಸೀರೆಗಳ ಜೊತೆ ಕಟ್ಟಿಸ್ದೆ” ಎಂದಳು.

ನಾನು ಕೂಗಾಡಿದೆ. 1923ರಲ್ಲಿ ಮದ್ರಾಸಿನಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲರು ದೇಶದ ಮೊದಲ ಮೇ ದಿನ ಆಚರಿಸಿದಾಗ ಬಾವುಟಕ್ಕೆ ಬಟ್ಟೆಯಿಲ್ಲದೆ ಮಗಳ ಕೆಂಪು ಸೀರೆ ಹರಿದರೆಂಬ ಮಾತಿದೆ, ನೀನು ಬಾವುಟವನ್ನು ಸೀರೆಯ ಕೆಲಸಕ್ಕೆ ಹಚ್ಚಿದ್ದೀಯ ಎಂದೆಲ್ಲ. “ಹಂದಿ ಬರೋದು ನಿಂತಿದೆ” ಎಂದು ಹೇಳಿ ಅವಳು ಒಳಗೆ ಹೋದಳು.

ಮೊದಲಿನ ಹಳಿಯ ಕಥೆ ಹೇಳದೆ ಬಿಟ್ಟೆ. ಆಮೇಲಿನ ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿ ಕೆರೆಯ ನೀರೆಲ್ಲ ಎಳೆದಾಗ ಅದು ಕೆಸರಿನಲ್ಲಿ ಮಲಗಿತ್ತು. ಮೊದಲು ನೋಡಿದ್ದು ನಾವು ಮಕ್ಕಳು. ಅಪ್ಪನಿಗೆ ಹೇಳಿದೆ, ಅವರಿಗೆ ಆ ದಿನ ಕಿವಿ ಕೇಳಿಸಲಿಲ್ಲ. ಸಂಜೆಯೊಳಗೆ ಹೆಂಗಸರು ಹೊತ್ತೊಯ್ದು ಲೈನಿನ ಹಿಂದೆ ಬಟ್ಟೆ ಒಗೆಯುವ ಕಲ್ಲು ಅಲುಗದಂತೆ ಅಡಿಗೆ ಕೊಟ್ಟರು.

ತಿಂಡಿ ಮುಗಿಸಿ ಅಲ್ಲಿಗೇ ಹೋದೆ. ಕಲ್ಲು ಇದೆ, ಅಡಿಯಲ್ಲಿ ಹಳಿಯೂ ಇದೆ, ಪಾಚಿ ಹಿಡಿದು. ಅಸ್ಸಾಮಿನ ಹೆಣ್ಣುಮಗಳೊಬ್ಬಳು ಸೋಪು ಉಜ್ಜುತ್ತಿದ್ದಳು. ನಾನು ಬಗ್ಗಿ, ಬೆರಳಿನಲ್ಲಿ ಕೆರೆದು ವರ್ಷ ಓದಲು ನೋಡಿದೆ. ಮುದುಕ ಕಾಲು ತೊಳೆಯಲು ಬಂದಿದ್ದಾನೆ ಎಂದುಕೊಂಡಿರಬೇಕು, ಪಾಪ, ಬಕೆಟ್ಟು ಸರಿಸಿ ಎರಡು ಚೊಂಬು ನೀರು ಹೊಯ್ದಳು. ನಾನೂ ಕಾಲು ತೊಳೆದುಕೊಂಡು ಬಂದೆ.